ಆನ್‌ಲೈನ್ ಕಾಲೇಜು ಪಾಠ: ಪರದೆಯ ಆಚೆಗಿರುವ ವಿದ್ಯಾರ್ಥಿಯನ್ನು ತಲುಪುವುದು ಹೇಗೆ?

"ಕೇಳಿಸ್ತಾ ಇದೆಯಾ? ಎಲ್ಲರಿಗೂ ಕೇಳಿಸ್ತಾ ಇದೆಯಾ?" 2020ರ ಲಾಕ್‌ಡೌನ್ ದಿನಗಳಲ್ಲಿ ಕಾಲೇಜು ಅಧ್ಯಾಪಕರ ಬಾಯಲ್ಲಿ ಈ ಪ್ರಶ್ನೆ ಬಂದಷ್ಟು ಬೇರಾವ ಪ್ರಶ್ನೆಯೂ ಬಂದಿರಲಿಕ್ಕಿಲ್ಲ. ಪರದೆಯ ಮೇಲೆ ಅರವತ್ತು ಚೌಕಗಳು. ಹೆಚ್ಚಿನವುಗಳಲ್ಲಿ ಮುಖವಿಲ್ಲ, ಹೆಸರಿನ ಮೊದಲ ಅಕ್ಷರ ಮಾತ್ರ. ಪಾಠ ಮುಗಿಸಿ "ಏನಾದರೂ ಸಂಶಯ ಇದೆಯಾ?" ಎಂದು ಕೇಳಿದರೆ ಯಾರೂ ಮಾತನಾಡುವುದಿಲ್ಲ. "ಸರಿ, ಹಾಗಾದರೆ ನಾಳೆ ಮುಂದುವರಿಸೋಣ" ಎಂದು ತರಗತಿ ಮುಗಿಯುತ್ತದೆ. ಮಕ್ಕಳಿಗೆ ಆಸಕ್ತಿಯೇ ಇಲ್ಲ ಎಂಬ ಬೇಸರ ಅಧ್ಯಾಪಕರಿಗೆ. ತಾವು ಇದ್ದರೂ ಇಲ್ಲದಿದ್ದರೂ ಯಾರಿಗೂ ತಿಳಿಯುವುದಿಲ್ಲ ಎಂಬ ಭಾವನೆ ಮಕ್ಕಳಿಗೆ.

ಕೋವಿಡ್ ಕಾಲ ಕಳೆದು ಕಾಲೇಜುಗಳು ಎಂದಿನಂತೆ ನಡೆಯುತ್ತಿವೆ. ಆದರೆ ಆನ್‌ಲೈನ್ ಶಿಕ್ಷಣ ಕೋವಿಡ್‌ನೊಂದಿಗೆ ಹೊರಟು ಹೋಗಲಿಲ್ಲ. ಕೇಂದ್ರ ಸರಕಾರದ 'ಸ್ವಯಂ' ಕಲಿಕಾ ವೇದಿಕೆ 2017ರ ಜುಲೈಯಲ್ಲೇ ಆರಂಭವಾಗಿತ್ತು. ಯುಜಿಸಿ ಎಂದೇ ಪರಿಚಿತವಾದ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2020ರ ಸೆಪ್ಟೆಂಬರ್‌ನಲ್ಲಿ ದೂರಶಿಕ್ಷಣ ಹಾಗೂ ಆನ್‌ಲೈನ್ ಪದವಿಗಳಿಗೆ ಹೊಸ ನಿಯಮಾವಳಿ ಹೊರಡಿಸಿತು. 2021ರ ಮೇ ತಿಂಗಳಲ್ಲಿ, ಒಂದು ವಿಷಯದ ಶೇ. 40ರಷ್ಟು ಭಾಗವನ್ನು ಆನ್‌ಲೈನ್‌ನಲ್ಲಿ ಕಲಿಸಬಹುದೆಂಬ ಪ್ರಸ್ತಾವವನ್ನು ಮುಂದಿಟ್ಟಿತು. ಉದ್ಯೋಗ ಮಾಡುತ್ತಲೇ ಪದವಿ ಓದುವವರು, ಮದುವೆಯಾದ ಮೇಲೆ ಓದು ಮುಂದುವರಿಸುವವರು, ಕೊಲ್ಲಿ ರಾಷ್ಟ್ರಗಳಲ್ಲಿದ್ದು ಪರೀಕ್ಷೆಗೆ ಕಟ್ಟುವವರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಆದುದರಿಂದ ಆನ್‌ಲೈನ್ ಪಾಠವನ್ನು ಆಪ್ತವಾಗಿಸುವುದು ಹೇಗೆ ಎಂಬ ಪ್ರಶ್ನೆ ಇಂದಿಗೂ ಪ್ರಸ್ತುತ.

ಅತನೂರಿನಿಂದ ನೋಡಿದರೆ

ಈ ಪ್ರಶ್ನೆಯನ್ನು ಮಂಗಳೂರು, ಉಡುಪಿಯ ಕಾಲೇಜಿನ ಕೊಠಡಿಯಿಂದ ನೋಡುವ ಬದಲು ರಾಜ್ಯದ ಇನ್ನೊಂದು ತುದಿಯಿಂದ ನೋಡೋಣ. ಅತನೂರ ಎಂಬುದು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ಒಂದು ಊರು. ಭೀಮಾ ನದಿಯ ಸೀಮೆ, ತೊಗರಿ ಬೆಳೆಯುವ ಕಪ್ಪು ಮಣ್ಣಿನ ನಾಡು. 2005ರಲ್ಲಿ ಗುಲ್ಬರ್ಗಾ ಧರ್ಮಪ್ರಾಂತ ಸ್ಥಾಪನೆಯಾಗಿ, ವಂದನೀಯ ರಾಬರ್ಟ್ ಮೈಕಲ್ ಮಿರಾಂದಾರವರು ಅದರ ಮೊದಲ ಧರ್ಮಾಧ್ಯಕ್ಷರಾದರು. ಕರಾವಳಿಯ ಧರ್ಮಗುರುಗಳೂ ಧರ್ಮಭಗಿನಿಯರೂ ಆ ಭಾಗದಲ್ಲಿ ಸೇವೆ ಸಲ್ಲಿಸಿರುವುದರಿಂದ ಆ ಸೀಮೆ ನಮ್ಮ ಓದುಗರಿಗೆ ತೀರ ಅಪರಿಚಿತವಲ್ಲ.

ಅಂತಹ ಊರಿನಲ್ಲಿ ಕುಳಿತು ಬಿ.ಎ. ಎರಡನೇ ವರ್ಷದ ಪಾಠ ಕೇಳುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಇದು ಯಾವುದೋ ಒಬ್ಬ ಹುಡುಗಿಯ ಕಥೆಯಲ್ಲ. ಹಳ್ಳಿಗಾಡಿನ ಎಷ್ಟೋ ಮಕ್ಕಳ ಸ್ಥಿತಿ. ಮೊಬೈಲ್ ಅವಳದ್ದಲ್ಲ, ಅಣ್ಣನದ್ದು. ಅಣ್ಣ ಹೊಲದಿಂದಲೋ ಕೆಲಸದಿಂದಲೋ ಬಂದ ಮೇಲೆ ಅದು ಅವಳ ಕೈಗೆ ಸಿಗುತ್ತದೆ. ದಿನದ ಡೇಟಾವನ್ನು ಮನೆಯ ಮೂವರು ಹಂಚಿಕೊಳ್ಳಬೇಕು. ನೆಟ್‌ವರ್ಕ್ ಸಿಗಬೇಕಾದರೆ ಮಾಳಿಗೆ ಹತ್ತಬೇಕು. ತೊಗರಿ ರಾಶಿಯ ಕಾಲದಲ್ಲಿ ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ, ಅವಳೂ ಹೋಗಬೇಕು. ತರಗತಿಯಲ್ಲಿ ಮೈಕ್ ತೆರೆದು "ಸರ್, ನಿಮ್ಮ ಆವಾಜ್ ಕಟ್ ಆಗ್ಲಾಕತ್ತದ್ರಿ" ಎನ್ನಲು ಅವಳಿಗೆ ಸಂಕೋಚ. ತನ್ನ ಮಾತು ಕೇಳಿ ಉಳಿದವರು ನಕ್ಕರೆ? ಆದ್ದರಿಂದ ಸುಮ್ಮನಿರುತ್ತಾಳೆ. ಈ ಮೌನವೇ ಅಧ್ಯಾಪಕರ ಕಡೆಯಿಂದ ನೋಡುವಾಗ 'ಅನಾಸಕ್ತಿ'ಯಾಗಿ ಕಾಣುತ್ತದೆ.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಹಲವು ಹಳ್ಳಿಗಳಿಗೆ ನೀರು ನುಗ್ಗಿತು. ಜನರು ಮನೆ ಬಿಟ್ಟು ಪರಿಹಾರ ಕೇಂದ್ರಗಳಿಗೆ ಹೋಗಬೇಕಾಯಿತು. ಆಗ ರಾಜ್ಯದ ಪದವಿ ಕಾಲೇಜುಗಳು ಇನ್ನೂ ತೆರೆದಿರಲಿಲ್ಲ. ತೆರೆದದ್ದು ನವೆಂಬರ್ 17ಕ್ಕೆ. ಅಂದರೆ ನೆರೆ ಬಂದ ವಾರಗಳಲ್ಲಿ ನಡೆಯುತ್ತಿದ್ದುದು ಆನ್‌ಲೈನ್ ತರಗತಿಗಳು. ಆ ವಾರ ಹಾಜರಿ ಪಟ್ಟಿಯಲ್ಲಿ 'ಗೈರು' ಎಂದು ಬಿದ್ದ ಹೆಸರಿನ ಹಿಂದೆ ಏನಿತ್ತು ಎಂಬುದು, ಯಾರಾದರೂ ಕರೆ ಮಾಡಿ ಕೇಳಿದ್ದರೆ ಮಾತ್ರ ತಿಳಿಯುತ್ತಿತ್ತು.

ಕರಾವಳಿಯ ಕಥೆಯೂ ತೀರ ಬೇರೆಯಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಭಾಗದಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯೊಬ್ಬರು ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಅದೇ ತಿಂಗಳು ರಾಜ್ಯ ಸರಕಾರವು ಸರಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚುವ ಕಾರ್ಯಕ್ರಮವನ್ನು ಆರಂಭಿಸಿತು. ಅದು ಅಗತ್ಯವಾಗಿ ಆಗಬೇಕಿದ್ದ ಕೆಲಸ. ಆದರೆ ಟ್ಯಾಬ್ಲೆಟ್ ಪಾಠವನ್ನು ಮನೆಗೆ ತಲುಪಿಸುತ್ತದೆಯೇ ಹೊರತು ಅಧ್ಯಾಪಕರಿಗೆ ವಿದ್ಯಾರ್ಥಿಯ ಪರಿಚಯ ಮಾಡಿಸುವುದಿಲ್ಲ.

ಹಳೆಯ ಅನುಭವ ಏನು ಹೇಳುತ್ತದೆ?

ದೂರದಿಂದ ಕಲಿಸುವುದು ನಮಗೆ ಹೊಸತಲ್ಲ. ಮೈಸೂರು ವಿಶ್ವವಿದ್ಯಾಲಯವು 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತ್ತು. ಅದೇ ಸಂಸ್ಥೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ 'ಎಜುಸ್ಯಾಟ್' ಉಪಗ್ರಹವನ್ನು ಹಾರಿಸಿದಾಗ, ಅದನ್ನು ಮೊದಲು ಬಳಸಿದವರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು.

ಅಂಚೆ, ಉಪಗ್ರಹ, ಅಂತರ್ಜಾಲ ಎಂದು ಸಾಧನಗಳು ಬದಲಾದವು. ಸಮಸ್ಯೆ ಮಾತ್ರ ಒಂದೇ: ವಿದ್ಯಾರ್ಥಿಯ ಒಂಟಿತನ. ಅಂಚೆಯಲ್ಲಿ ಬಂದ ಪಾಠದ ಕಟ್ಟನ್ನು ಬಿಚ್ಚದೆ ಬದಿಗಿಟ್ಟವರೂ, ಇಂದು ಮುದ್ರಿತ ವಿಡಿಯೊಗಳನ್ನು ತೆರೆಯದೆ ಬಿಡುವವರೂ ಒಂದೇ ಕಾರಣಕ್ಕೆ ಹಿಂದುಳಿಯುತ್ತಾರೆ. ತಾನು ಓದಿದೆನೋ ಇಲ್ಲವೋ ಎಂದು ಕೇಳುವವರಿಲ್ಲ. ಅಂದಿನವರು ಇದಕ್ಕೆ ಕಂಡುಕೊಂಡ ಉಪಾಯ 'ಸಂಪರ್ಕ ತರಗತಿ'. ವರ್ಷದಲ್ಲಿ ಕೆಲವು ದಿನವಾದರೂ ಅಧ್ಯಾಪಕರ ಮುಖ ನೋಡುವ, ಸಹಪಾಠಿಗಳ ಗುರುತು ಮಾಡಿಕೊಳ್ಳುವ ಅವಕಾಶ.

ಇಂಗ್ಲೆಂಡಿನಲ್ಲಿ 1971ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಮುಕ್ತ ವಿಶ್ವವಿದ್ಯಾಲಯವು ಇನ್ನೊಂದು ದಾರಿ ತೋರಿಸಿತು. ಪಾಠವನ್ನು ಸಾವಿರಾರು ಮಂದಿಗೆ ಒಟ್ಟಿಗೆ ಕಳುಹಿಸಿದರೂ, ಪ್ರತಿಯೊಬ್ಬನ ಲಿಖಿತ ಕೆಲಸವನ್ನು ಓದಿ ಟಿಪ್ಪಣಿ ಬರೆಯುವ ಒಬ್ಬ ಮಾರ್ಗದರ್ಶಕರನ್ನು ಅದು ನೇಮಿಸಿತು. ಪಾಠ ಎಲ್ಲರಿಗೂ ಒಂದೇ. ಉತ್ತರ ಮಾತ್ರ ಒಬ್ಬೊಬ್ಬರಿಗೂ ಬೇರೆ. ದೂರಶಿಕ್ಷಣದ ಬಗ್ಗೆ ದೀರ್ಘಕಾಲ ಅಧ್ಯಯನ ಮಾಡಿದ ಸ್ವೀಡನ್ನಿನ ವಿದ್ವಾಂಸ ಹೋಲ್ಮ್‌ಬರ್ಗ್ ಅವರ ವಾದವೂ ಇದಕ್ಕೆ ಹತ್ತಿರ. ಪಾಠವು ಭಾಷಣದಂತಿರದೆ, ಪರಿಚಿತರೊಬ್ಬರು ಎದುರು ಕುಳಿತು ಮಾತನಾಡಿದಂತೆ ಇರಬೇಕು. ತನ್ನ ಕಲಿಕೆಯ ಬಗ್ಗೆ ಒಬ್ಬರಿಗೆ ಕಾಳಜಿ ಇದೆ ಎಂದು ಅನಿಸಿದಾಗ ವಿದ್ಯಾರ್ಥಿ ಓದುತ್ತಾನೆ.

ನಿರಾಶ್ರಿತರ ಶಿಬಿರಗಳ ಉದಾಹರಣೆ ಇದಕ್ಕಿಂತಲೂ ಸ್ಪಷ್ಟ. 2010ರಲ್ಲಿ ಯೇಸುಸಭೆಯವರು ಕೀನ್ಯದ ಕಾಕುಮಾ, ಮಲಾವಿಯ ಜಲೇಕಾ ಶಿಬಿರಗಳಲ್ಲಿ ಆನ್‌ಲೈನ್ ಉನ್ನತ ಶಿಕ್ಷಣ ಆರಂಭಿಸಿದರು. ಅದೇ ಮುಂದೆ 'ಜೆಸ್ಯುಟ್ ವರ್ಲ್ಡ್‌ವೈಡ್ ಲರ್ನಿಂಗ್' ಎಂಬ ಸಂಸ್ಥೆಯಾಯಿತು. ಅಧ್ಯಾಪಕರು ದೂರದ ದೇಶಗಳಲ್ಲಿ, ವಿದ್ಯಾರ್ಥಿಗಳು ಶಿಬಿರದಲ್ಲಿ. ಆದರೆ ವಿದ್ಯಾರ್ಥಿಯನ್ನು ಒಂಟಿಯಾಗಿ ಪರದೆಯ ಮುಂದೆ ಬಿಡಲಿಲ್ಲ. ಶಿಬಿರದಲ್ಲೇ ಒಂದು ಕಲಿಕಾ ಕೇಂದ್ರ, ಅಲ್ಲೊಬ್ಬ ಸಹಾಯಕ, ಜೊತೆಗೆ ಕುಳಿತು ಓದುವ ಗೆಳೆಯರು. ಪಾಠ ದೂರದಿಂದ ಬರಲಿ, ಜೊತೆ ಹತ್ತಿರದಲ್ಲಿರಲಿ ಎಂಬುದೇ ಅಲ್ಲಿಯ ತತ್ವ.

ಅಧ್ಯಾಪಕರು ಮಾಡಬಹುದಾದದ್ದು

ಇಷ್ಟು ಹೇಳಿದ ಮೇಲೆ ನಾಳೆಯ ತರಗತಿಯಲ್ಲೇ ಮಾಡಬಹುದಾದ ಕೆಲವು ವಿಷಯಗಳತ್ತ ಬರೋಣ.

1. ಮೊದಲ ವಾರ ಪರಿಚಯಕ್ಕೆ ಮೀಸಲಿಡಿ. ಪ್ರತಿ ವಿದ್ಯಾರ್ಥಿಯಿಂದ ಐದು ಪ್ರಶ್ನೆಗಳಿಗೆ ಉತ್ತರ ಪಡೆಯಿರಿ. ನಿಮ್ಮನ್ನು ಏನೆಂದು ಕರೆಯಬೇಕು? ಫೋನ್ ಯಾರದ್ದು? ದಿನದಲ್ಲಿ ಯಾವ ಹೊತ್ತಿಗೆ ಅದು ನಿಮ್ಮ ಕೈಯಲ್ಲಿರುತ್ತದೆ? ಓದಿನ ಜೊತೆ ಬೇರೆ ಏನು ಕೆಲಸ ಮಾಡುತ್ತೀರಿ? ಈ ವಿಷಯದಲ್ಲಿ ಯಾವುದು ಕಷ್ಟ ಅನಿಸುತ್ತದೆ? ಇವುಗಳನ್ನು ಒಂದು ಸಾಮಾನ್ಯ ನೋಟ್ ಪುಸ್ತಕದಲ್ಲಿ, ಹೆಸರಿಗೊಂದು ಪುಟದಂತೆ ಬರೆದಿಟ್ಟುಕೊಂಡರೆ ಸಾಕು. ಹತ್ತು ಗಂಟೆಯ ತರಗತಿಗೆ ಮೂವತ್ತು ಮಂದಿಗೆ ಫೋನೇ ಸಿಗುವುದಿಲ್ಲ ಎಂದು ಮೊದಲ ವಾರದಲ್ಲೇ ತಿಳಿದರೆ ಸಮಯ ಬದಲಿಸಬಹುದು. ಮೂರು ತಿಂಗಳ ನಂತರ ತಿಳಿದರೆ ಪ್ರಯೋಜನವಿಲ್ಲ.

2. ಉದ್ದದ ಉಪನ್ಯಾಸವನ್ನು ತುಂಡು ಮಾಡಿ. ಎಡೆಕ್ಸ್ ವೇದಿಕೆಯ ಲಕ್ಷಾಂತರ ವಿಡಿಯೊ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆರು ನಿಮಿಷಕ್ಕಿಂತ ಚಿಕ್ಕ ವಿಡಿಯೊಗಳನ್ನೇ ವಿದ್ಯಾರ್ಥಿಗಳು ಹೆಚ್ಚು ಗಮನವಿಟ್ಟು ನೋಡುತ್ತಾರೆ ಎಂದು ಕಂಡುಕೊಂಡಿತು. ದುಬಾರಿ ಸ್ಟುಡಿಯೊದಲ್ಲಿ ಮಾಡಿದ್ದಕ್ಕಿಂತ, ಅಧ್ಯಾಪಕರು ತಮ್ಮ ಮೇಜಿನ ಮುಂದೆ ಕುಳಿತು ಸಹಜವಾಗಿ ಮಾತನಾಡಿದ ವಿಡಿಯೊಗಳೇ ಹೆಚ್ಚು ಹಿಡಿಸಿದ್ದವು. ಒಂದು ಗಂಟೆಯ ಪಾಠವನ್ನು ಐದಾರು ನಿಮಿಷದ ಭಾಗಗಳಾಗಿ ಮಾಡಿ, ಪ್ರತಿ ಭಾಗದಲ್ಲಿ ಒಂದೇ ವಿಷಯವನ್ನು ಹೇಳಿ.

3. ಡೇಟಾ ಕಡಿಮೆ ಇದ್ದಲ್ಲಿ ಧ್ವನಿಯನ್ನು ಬಳಸಿ. ಒಂದು ಗಂಟೆಯ ನೇರ ವಿಡಿಯೊ ತರಗತಿಗೆ 500 ಎಂಬಿ ಅಥವಾ ಅದಕ್ಕಿಂತ ಹೆಚ್ಚು ಡೇಟಾ ಖರ್ಚಾಗಬಹುದು. ಅದೇ ಹತ್ತು ನಿಮಿಷದ ಧ್ವನಿ ಸಂದೇಶಕ್ಕೆ ಕೆಲವೇ ಎಂಬಿ ಸಾಕು. ನೆಟ್‌ವರ್ಕ್ ಸಿಕ್ಕಾಗ ಇಳಿಸಿಕೊಂಡು, ಹೊಲದ ದಾರಿಯಲ್ಲೋ ಅಡುಗೆ ಮಾಡುವಾಗಲೋ ಮತ್ತೆ ಮತ್ತೆ ಕೇಳಬಹುದು. ಬಾನುಲಿ ಕೇಳಿ ಬೆಳೆದ ನಮ್ಮ ಜನರಿಗೆ ಧ್ವನಿಯ ಆಪ್ತತೆಯನ್ನು ವಿವರಿಸಬೇಕಾಗಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 2009ರಲ್ಲಿ ಆರಂಭಿಸಿದ ಸಮುದಾಯ ಬಾನುಲಿ 'ರೇಡಿಯೊ ಸಾರಂಗ್' ಜನರಿಗೆ ಹತ್ತಿರವಾದದ್ದು ಅವರವರ ಮನೆಮಾತಿನಲ್ಲಿ ಮಾತನಾಡಿದ್ದರಿಂದ.

4. "ಅರ್ಥವಾಯಿತೇ?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಬರುವ ಉತ್ತರ ಒಂದೇ: "ಹೌದು ಸರ್". ಬದಲಿಗೆ, ಉತ್ತರಿಸಲೇಬೇಕಾದ ಒಂದು ಚಿಕ್ಕ ಪ್ರಶ್ನೆ ಕೊಡಿ. "ಇಂದಿನ ಪಾಠದಲ್ಲಿ ನಿಮಗೆ ತಿಳಿಯದ ಒಂದು ಮಾತನ್ನು ಬರೆದು ಕಳುಹಿಸಿ" ಎಂದರೆ, "ತಿಳೀವಲ್ದ್ರಿ ಸರ್" ಎಂದು ಎಲ್ಲರೆದುರು ಹೇಳಲು ನಾಚುವ ಹುಡುಗಿಯೂ ಬರೆಯುತ್ತಾಳೆ. ಅವಳು ತನ್ನ ಊರಿನ ಕನ್ನಡದಲ್ಲೇ ಬರೆಯಲಿ. ಪರೀಕ್ಷೆಯ ಭಾಷೆಯನ್ನು ಆಮೇಲೆ ತಿದ್ದಬಹುದು, ಮೊದಲು ಮಾತು ಹೊರಗೆ ಬರಬೇಕು.

5. ಊರನ್ನು ಪಾಠದೊಳಗೆ ತನ್ನಿ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿನಿಗೆ ಬೆಲೆ, ಮಾರುಕಟ್ಟೆ, ಬೆಂಬಲ ಬೆಲೆಗಳ ಪಾಠ ಅವಳ ಮನೆಯ ಅಂಗಳದಲ್ಲೇ ಇದೆ. ಕಳೆದ ವರ್ಷ ತೊಗರಿಗೆ ಎಷ್ಟು ಖರ್ಚಾಯಿತು, ಎಷ್ಟಕ್ಕೆ ಮಾರಿದಿರಿ ಎಂದು ಅಪ್ಪನನ್ನು ಕೇಳಿ ಲೆಕ್ಕ ಬರೆಯಲು ಹೇಳಿ. ಭೂಗೋಳದವರಿಗೆ ದೇವಲಗಾಣಗಾಪುರದ ಭೀಮಾ–ಅಮರ್ಜಾ ಸಂಗಮವಿದೆ. ಕರಾವಳಿಯ ವಿದ್ಯಾರ್ಥಿಗೆ ಮೀನುಗಾರಿಕೆಯ ದಕ್ಕೆ, ಹಂಚಿನ ಕಾರ್ಖಾನೆ, ಗಲ್ಫ್‌ನಿಂದ ಬರುವ ಹಣ ಇವೆ. ಇಂತಹ ಉತ್ತರವನ್ನು ಅಂತರ್ಜಾಲದಿಂದ ನಕಲು ಮಾಡಲಾಗದು, ಯಂತ್ರದಿಂದ ಬರೆಸಿಕೊಳ್ಳುವುದೂ ಸುಲಭವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಮನೆಯ ಸಂಗತಿಗೆ ಕಾಲೇಜಿನಲ್ಲಿ ಬೆಲೆ ಇದೆ ಎಂದು ಅವಳಿಗೆ ಅನಿಸುತ್ತದೆ.

6. ಪ್ರತಿಯೊಬ್ಬರಿಗೂ ಉತ್ತರ ಕೊಡಿ. ಇದೇ ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಕಷ್ಟ. ಅರವತ್ತು ಮಂದಿಗೆ ಹೇಗೆ ಸಾಧ್ಯ ಎಂದು ಅಧ್ಯಾಪಕರು ಕೇಳುವುದು ಸಹಜ. ಲೆಕ್ಕ ಹಾಕಿ ನೋಡೋಣ. ಅರವತ್ತು ಮಂದಿಯನ್ನು 15 ಮಂದಿಯ ನಾಲ್ಕು ಗುಂಪುಗಳಾಗಿ ಮಾಡಿ. ವಾರಕ್ಕೆ ಒಂದು ಗುಂಪಿನ ಉತ್ತರಗಳನ್ನು ಓದಿ, ಒಬ್ಬೊಬ್ಬರಿಗೆ ಎರಡು ನಿಮಿಷದ ಧ್ವನಿ ಸಂದೇಶ ಕಳುಹಿಸಿ. ಓದುವ ಸಮಯ ಬಿಟ್ಟು, ಮಾತನಾಡಲು ವಾರಕ್ಕೆ ಬೇಕಾಗುವುದು ಅರ್ಧ ಗಂಟೆ. 16 ವಾರಗಳ ಸೆಮಿಸ್ಟರ್‌ನಲ್ಲಿ ಪ್ರತಿ ವಿದ್ಯಾರ್ಥಿಗೆ ನಾಲ್ಕು ಬಾರಿ ತನ್ನ ಹೆಸರು ಹಿಡಿದು ಬಂದ ಮಾತು ಸಿಗುತ್ತದೆ. "ಅಪ್ಪನ ಲೆಕ್ಕವನ್ನು ಚೆನ್ನಾಗಿ ಬರೆದಿದ್ದೀಯಮ್ಮ. ಆದರೆ ಬೆಂಬಲ ಬೆಲೆ ಎಂದರೇನು ಎಂದು ಹೇಳಿಲ್ಲ. ಅದನ್ನು ಎರಡು ಸಾಲಿನಲ್ಲಿ ಬರೆದು ಕಳುಹಿಸು" ಎಂಬಷ್ಟೇ ಸಾಕು. 'ಗುಡ್' ಎಂಬ ಒಂದೇ ಪದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ತನ್ನ ಬರಹವನ್ನು ಒಬ್ಬರು ನಿಜವಾಗಿ ಓದಿದ್ದಾರೆ ಎಂದು ಅವಳಿಗೆ ತಿಳಿಯುತ್ತದೆ.

7. ಎರಡು ತರಗತಿ ತಪ್ಪಿದರೆ ವಿಚಾರಿಸಿ. ಗದರಿಸಲು ಅಲ್ಲ, ಕೇಳಲು. ಅದೇ ಗುಂಪಿನ ಸಹಪಾಠಿಯೊಬ್ಬಳು "ಯಾಕ ಬಂದಿಲ್ಲ?" ಎಂದು ಕೇಳಿದರೂ ಆದೀತು. ಓದು ಬಿಡುವವರು ಸಾಮಾನ್ಯವಾಗಿ ಒಂದೇ ದಿನ ಬಿಡುವುದಿಲ್ಲ. ಮೊದಲು ಒಂದು ತರಗತಿ, ಆಮೇಲೆ ಒಂದು ವಾರ, ಆಮೇಲೆ ಪರೀಕ್ಷಾ ಶುಲ್ಕ. ಅಷ್ಟರಲ್ಲಿ ಹುಡುಗನು ಕೆಲಸಕ್ಕೆಂದು ಪುಣೆಗೋ ಬೆಂಗಳೂರಿಗೋ ಹೋಗಿರುತ್ತಾನೆ, ಹುಡುಗಿಗೆ ಗಂಡು ನೋಡಿರುತ್ತಾರೆ. ಮೊದಲ ವಾರದಲ್ಲಿ ಬಂದ ಒಂದು ಕರೆ ಮನೆಯವರ ಮನಸ್ಸನ್ನೂ ಬದಲಿಸಬಹುದು: "ಕಾಲೇಜಿನವರು ನಮ್ಮ ಹುಡುಗಿಯನ್ನು ಕೇಳ್ತಿದ್ದಾರೆ."

ಆಪ್ತತೆಗೂ ಮಿತಿ ಇರಲಿ

ಆಪ್ತವಾಗಿ ಕಲಿಸುವುದೆಂದರೆ ವಿದ್ಯಾರ್ಥಿಯ ಮನೆಯೊಳಗೆ ಇಣುಕುವುದಲ್ಲ. ಕ್ಯಾಮರಾ ತೆರೆಯಲೇಬೇಕೆಂದು ಒತ್ತಾಯಿಸಬಾರದು. ಒಂದೇ ಕೋಣೆಯ ಮನೆಯಲ್ಲಿ ಕುಳಿತವರಿಗೆ ಅದು ಮುಜುಗರ. ದೊಡ್ಡ ವಾಟ್ಸಪ್ ಗುಂಪುಗಳಲ್ಲಿ ಹೆಣ್ಣುಮಕ್ಕಳ ದೂರವಾಣಿ ಸಂಖ್ಯೆ ಎಲ್ಲರಿಗೂ ಸಿಗದಂತೆ ನೋಡಿಕೊಳ್ಳಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಕರೆ, ಸಂದೇಶ ಬೇಡ. ಮಾತುಕತೆ ಪಾಠ ಹಾಗೂ ಓದಿಗೆ ಸಂಬಂಧಿಸಿದ್ದಾಗಿರಲಿ, ಕಾಲೇಜಿಗೂ ಮನೆಯವರಿಗೂ ತಿಳಿದಿರಲಿ. ಗೋಪ್ಯವಾಗಿ ಹೇಳಿದ ಕಷ್ಟವನ್ನು ಸಿಬ್ಬಂದಿ ಕೋಣೆಯ ಹರಟೆಯ ವಿಷಯ ಮಾಡಬಾರದು.

ಅಧ್ಯಾಪಕರ ಹೊರೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಧ್ವನಿ ಸಂದೇಶ, ಕರೆ, ತಿದ್ದುವಿಕೆ ಇವೆಲ್ಲ ನಿಜವಾದ ಬೋಧನೆಯೇ. ಆಡಳಿತ ಮಂಡಳಿಗಳು ಇದನ್ನು ಕೆಲಸದ ಅವಧಿಯಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಗಂಟೆಗೆ ಇಷ್ಟೆಂದು ಸಂಭಾವನೆ ಪಡೆಯುವ ಅತಿಥಿ ಉಪನ್ಯಾಸಕರಿಂದ ಇದನ್ನೆಲ್ಲ ಉಚಿತ ಸೇವೆಯಾಗಿ ನಿರೀಕ್ಷಿಸುವುದು ನ್ಯಾಯವಲ್ಲ. ಒಬ್ಬರ ಹೆಗಲ ಮೇಲೆ ಇನ್ನೂರು ವಿದ್ಯಾರ್ಥಿಗಳನ್ನು ಹಾಕಿ 'ಆಪ್ತವಾಗಿ ಕಲಿಸಿ' ಎಂದರೆ ಅದು ಬರೀ ಮಾತಾಗುತ್ತದೆ.

ಧರ್ಮಕೇಂದ್ರಗಳು ಏನು ಮಾಡಬಹುದು?

ಕಾಕುಮಾ ಶಿಬಿರದಲ್ಲಿ ಸಾಧ್ಯವಾದದ್ದು ನಮ್ಮ ಊರುಗಳಲ್ಲಿ ಅಸಾಧ್ಯವಲ್ಲ. ವಾರದ ದಿನಗಳಲ್ಲಿ ಬೀಗ ಹಾಕಿರುವ ಸಭಾಭವನ, ಕಾನ್ವೆಂಟಿನ ಒಂದು ಕೋಣೆ, ಒಂದು ವೈಫೈ ಸಂಪರ್ಕ, ನಾಲ್ಕು ಮೇಜು, ಕುಡಿಯುವ ನೀರು. ಸಂಜೆ ಎರಡು ಗಂಟೆ ಅಥವಾ ಶನಿವಾರ ಮಧ್ಯಾಹ್ನ ಇದನ್ನು ತೆರೆದಿಟ್ಟರೆ ಅದೇ ಕಲಿಕಾ ಕೇಂದ್ರ. ಯಾವ ಧರ್ಮದ ವಿದ್ಯಾರ್ಥಿಯಾದರೂ ಬಂದು ಕುಳಿತು ಓದಲಿ. ನಿವೃತ್ತ ಅಧ್ಯಾಪಕರು, ಪದವಿ ಮುಗಿಸಿದ ಯುವಜನ ಸಂಘಟನೆಯ ಸದಸ್ಯರು ವಾರಕ್ಕೊಮ್ಮೆ ಜೊತೆಗೆ ಕುಳಿತುಕೊಳ್ಳಬಹುದು. ಪಾಠ ಹೇಳಿಕೊಡಲು ಆಗದಿದ್ದರೂ "ಎಲ್ಲಿಯವರೆಗೆ ಬಂತು? ಪರೀಕ್ಷೆ ಯಾವಾಗ?" ಎಂದು ಕೇಳಲು ಆಗುತ್ತದೆ. ಮಹಿಳಾ ವಿದ್ಯಾರ್ಥಿಗಳಿಗೆ ಹೊತ್ತು ಮುಳುಗುವ ಮುನ್ನ ಮನೆ ಸೇರುವಂತಹ ಸಮಯ, ಜವಾಬ್ದಾರಿಯುತ ಹಿರಿಯರೊಬ್ಬರ ಉಪಸ್ಥಿತಿ ಅಗತ್ಯ.

ಇನ್ನೊಂದು ಕೆಲಸ ಇನ್ನೂ ಸುಲಭ. ವಾಳೆಯ ಗುರಿಕಾರರು ಮನೆ ಭೇಟಿಗೆ ಹೋದಾಗ, ಈ ಮನೆಯಲ್ಲಿ ದೂರಶಿಕ್ಷಣದಲ್ಲೋ ಆನ್‌ಲೈನ್‌ನಲ್ಲೋ ಓದುವವರು ಇದ್ದಾರೆಯೇ ಎಂದು ಕೇಳಬಹುದು. ಹೆಸರು ನೋಂದಾಯಿಸಿ, ಶುಲ್ಕ ಕಟ್ಟಿ, ಮೊದಲ ಪರೀಕ್ಷೆಗೇ ಹೋಗದೆ ಉಳಿದವರು ಅದನ್ನು ನಾಚಿಕೆಯಿಂದ ಯಾರಿಗೂ ಹೇಳಿರುವುದಿಲ್ಲ. ಒಂದೇ ವಾಳೆಯಲ್ಲಿ ಅಂತಹ ಮೂವರು ಸಿಕ್ಕರೆ, ಅವರನ್ನು ಒಬ್ಬರಿಗೊಬ್ಬರು ಪರಿಚಯಿಸಿದರೆ, ಅರ್ಧ ಕೆಲಸ ಆದಂತೆ.

ತಂತ್ರಜ್ಞಾನ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ನಾಳೆ ಇನ್ನೂ ವೇಗದ ಜಾಲ, ಇನ್ನೂ ಜಾಣ ಯಂತ್ರಗಳು ಬರುತ್ತವೆ. ಅವುಗಳಿಂದ ಸಹಾಯ ಪಡೆಯೋಣ. ಆದರೆ ಅತನೂರಿನ ಮಾಳಿಗೆಯ ಮೇಲೆ ಕುಳಿತ ಹುಡುಗಿಗಾಗಲಿ, ಗುತ್ತಿಗಾರಿನ ರಸ್ತೆ ಬದಿ ಕುಳಿತವಳಿಗಾಗಲಿ ಓದು ಮುಂದುವರಿಸಲು ಬೇಕಾದದ್ದು, ತನ್ನ ಹೆಸರು ಗೊತ್ತಿರುವ, ತಾನು ಬರೆದದ್ದನ್ನು ಓದುವ, ಬಾರದಿದ್ದರೆ ವಿಚಾರಿಸುವ ಒಬ್ಬರು. ನಿಮ್ಮ ತರಗತಿಯಲ್ಲಿ, ನಿಮ್ಮ ವಾಳೆಯಲ್ಲಿ ಕಳೆದ ಒಂದು ತಿಂಗಳಿನಿಂದ ಮಾತನಾಡದ ವಿದ್ಯಾರ್ಥಿ ಯಾರು? ಈ ವಾರ ಅವರಿಗೊಂದು ಕರೆ ಮಾಡುವುದರಿಂದ ಆರಂಭಿಸೋಣ.